ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಓಸೀಸ್‌ನ ಹೊಸ ಆಲ್ಬಂ ಒಂದೊಂದು ಹಾಡಿಗೆ ಒಂದೊಂದು ಥರ ಇದೆ. ಕೇಳಿದವರು ಯಾರಾದರೂ ಇದ್ದೀರಾ?

ಪಿಕಪ್ ಶನಿವಾರಸಂತೆ (ಪ್ರಶ್ನೆ, ಸೆಪ್ಟೆಂಬರ್ 2023)

ಎಲ್ಲರಿಗೂ ನಮಸ್ಕಾರ. ನಾನು ಶನಿವಾರಸಂತೆಯವನು, ಪಿಕಪ್ ಓಡಿಸುತ್ತೇನೆ. ಕಾಫಿ ಕಾಲದಲ್ಲಿ ಕುಶಾಲನಗರಕ್ಕೆ ಕಾಫಿ ಮೂಟೆ, ಬೇಸಿಗೆಯಲ್ಲಿ ಹಸಿಮೆಣಸು, ಈಗ ಗೊಬ್ಬರ ಮತ್ತು ಶುಂಠಿ. ಈ ವರ್ಷ ಶುಂಠಿಗೆ ಬಂದ ರೇಟಿನಿಂದ ಬಾಡಿಗೆ ಜೋರಾಗಿದೆ. ಗಾಡಿಯಲ್ಲಿ ಹಾಡು ಕೇಳುವ ಟೈಮೂ ಜಾಸ್ತಿ ಸಿಗುತ್ತಿದೆ. ಯಡವನಾಡು ಕಾಡಿನೊಳಗೆ ನೆಟ್‌ವರ್ಕ್ ಕೈಕೊಡುತ್ತದೆ, ಅದಕ್ಕೆ ಮನೆಯಲ್ಲೇ ಇಳಿಸಿಕೊಂಡು ಹೊರಡುತ್ತೇನೆ.

ಹೋದ ವರ್ಷ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಓಸೀಸ್ ಬ್ಯಾಂಡಿನ 'ಎ ಫೌಲ್ ಫಾರ್ಮ್' ಕಳಿಸಿದ್ದ. ಇಡೀ ಆಲ್ಬಂ ಸುಮಾರು 22 ನಿಮಿಷ. ಶುರುವಾದರೆ ಮುಗಿಯುವ ತನಕ ಒಂದೇ ಬಡಿತ, ಒಂದೇ ಕಿರುಚಾಟ. ಶಾಂತಳ್ಳಿ ಕಡೆ ಲೋಡ್ ಹಾಕಿಕೊಂಡು ಏರು ಹತ್ತುವಾಗ ಸೆಕೆಂಡ್ ಗೇರಿಗೆ ಸರಿಯಾಗಿ ಹೊಂದುತ್ತಿತ್ತು. ಅಂಥದ್ದೇ ಇನ್ನೊಂದು ಸಿಗುತ್ತದೆ ಅಂತ ಈ ಆಗಸ್ಟ್‌ನಲ್ಲಿ ಬಂದ 'ಇಂಟರ್‌ಸೆಪ್ಟೆಡ್ ಮೆಸೇಜ್' ಹಾಕಿದೆ.

ಎಲ್ಲಿ ನೋಡಿದರೂ ಸಿಂಥ್, ಅದೇ ಕರೆಂಟಿನಲ್ಲೇ ಸದ್ದು ಹುಟ್ಟಿಸುವ ಕೀಬೋರ್ಡ್! ಒಂದು ಹಾಡು ಪಂಕ್, ಸರಿ. ಇನ್ನೊಂದು ಹಳೇ ವಿಡಿಯೊ ಗೇಮಿನ ಮ್ಯೂಸಿಕ್ಕಿಗೆ ಮಾತು ಸೇರಿಸಿದ ಹಾಗಿದೆ. ಮತ್ತೊಂದಕ್ಕೆ ಕುಣಿಯಬಹುದು. ಕೊನೆ ಹತ್ತಿರ ಬಂದರೆ 'ಆಲ್ವೇಸ್ ಅಟ್ ನೈಟ್' ಅಂತ ನಿಧಾನದ ಹಾಡು, ಕಿರುಚುತ್ತಿದ್ದ ಮನುಷ್ಯನೇ ಇಲ್ಲಿ ಮೆಲ್ಲಗೆ ಎಳೆದು ಹಾಡುತ್ತಾನೆ. ಅದು ಮುಗಿದ ಮೇಲೆ 'ಎಲ್‌ಎಡಿಡಬ್ಲ್ಯೂಪಿ ಹೋಲ್ಡ್' ಅಂತ ಒಂದು ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಕಾಯಿಸುವಾಗ ಹಾಕುತ್ತಾರಲ್ಲ, ಥೇಟ್ ಅದೇ ಟ್ಯೂನ್. ಫೋನಿಗೇ ಏನೋ ಆಯಿತು ಅಂತ ಗಾಡಿ ಸೈಡಿಗೆ ಹಾಕಿ ನೋಡಿದೆ.

ನನ್ನ ಪ್ರಶ್ನೆ ಇಷ್ಟು. ಇವರು ಹೆಚ್ಚು ಕಮ್ಮಿ ವರ್ಷಕ್ಕೊಂದು ಆಲ್ಬಂ ಬಿಡುತ್ತಾರೆ. ಉಳಿದದ್ದು ಬಳಿದದ್ದು ಸೇರಿಸಿ ಒಂದು ಮಾಡಿದ್ದಾರಾ, ಅಥವಾ ಇದನ್ನು ಕೇಳುವ ರೀತಿಯೇ ಬೇರೆಯಾ? ಇಷ್ಟು ಸಿಂಥ್ ಹಾಕಿದ ಮೇಲೂ ಇದನ್ನು ಪಂಕ್ ಅನ್ನುವುದು ಯಾಕೆ? ಇನ್ನೊಂದು ಚಿಕ್ಕ ಪ್ರಶ್ನೆ: ಅಕ್ಕನ ಮಗಳು ಕಲಿಯುವುದು ಬಿಟ್ಟ ಯಮಹಾ ಕೀಬೋರ್ಡ್ ಮನೆಯಲ್ಲಿ ಬಿದ್ದಿದೆ. ಅದರಲ್ಲಿ ಈ ಥರದ ಸದ್ದು ಬರುತ್ತಾ?

ಗಿಟಾರ್ ಗಿರಾಕಿ, ಕುಶಾಲನಗರ

ಉತ್ತರ ಸುಲಭ ಗುರು. ಪಂಕ್ ಅಂದರೆ ಗಿಟಾರ್, ಬೇಸ್, ಡ್ರಮ್, ಮೂರು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗುಚ್ಛ). ಕೀಬೋರ್ಡ್ ಬಂದರೆ ಅದು ಮದುವೆ ರಿಸೆಪ್ಷನ್. ಓಸೀಸ್‌ನ ಮುಖ್ಯ ಹಾಡುಗಾರ ಜಾನ್ ಡ್ವಾಯರ್ ಗಿಟಾರ್ ಎದೆ ಮೇಲೆ ಏರಿಸಿಕೊಂಡು ಚಡ್ಡಿಯಲ್ಲಿ ನಿಂತು ಬಾರಿಸುವುದನ್ನು ನೋಡಿದವರಿಗೆ ಈ ಆಲ್ಬಂ ಬೇಜಾರೇ. 'ಎ ಫೌಲ್ ಫಾರ್ಮ್' ವಾಪಸ್ ಹಾಕಿಕೊಳ್ಳಿ, ಏರು ಹತ್ತಿ.

ಮಂಟಪದ ಕೀಬೋರ್ಡು, ಮಡಿಕೇರಿ

ಕುಶಾಲನಗರದ ತಮ್ಮಾ, ರಿಸೆಪ್ಷನ್‌ನಲ್ಲಿ ಕೀಬೋರ್ಡ್ ಬಾರಿಸಿಯೇ ನನ್ನ ಮನೆ ನಡೆದದ್ದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ದಸರಾ ಹತ್ತಿರ ಬಂತು. ಮೆರವಣಿಗೆಯಲ್ಲಿ ದೇವರ ಕಥೆ ತೋರಿಸುವ ಮಂಟಪದ ಸೌಂಡ್ ಟ್ರ್ಯಾಕಿನ ಕೆಲಸ ತಲೆ ಮೇಲಿದೆ, ಆದರೂ ಈ ಪ್ರಶ್ನೆ ನೋಡಿ ಕೈ ತಡೆಯಲಿಲ್ಲ.

ಮೊದಲು ಪಂಕ್‌ನ ವಿಷಯ. ನ್ಯೂಯಾರ್ಕಿನಲ್ಲಿ ಸೂಯಿಸೈಡ್ ಅಂತ ಇಬ್ಬರ ಬ್ಯಾಂಡ್ ಇತ್ತು. ಅಲನ್ ವೇಗಾ ಹಾಡುವುದು, ಮಾರ್ಟಿನ್ ರೆವ್ ಬಾರಿಸುವುದು. ಗಿಟಾರೂ ಇಲ್ಲ, ಡ್ರಮ್ಮರೂ ಇಲ್ಲ. ಒಂದು ಅಗ್ಗದ ಫರ್ಫಿಸಾ ಆರ್ಗನ್, ಒಂದು ರಿದಂ ಮೆಷಿನ್, ಅಷ್ಟೇ. 1970ರ ದಶಕದ ಶುರುವಿನಲ್ಲೇ ತಮ್ಮ ಕಾರ್ಯಕ್ರಮದ ಚೀಟಿಯಲ್ಲಿ 'ಪಂಕ್' ಅಂತ ಬರೆದುಕೊಂಡವರು ಇವರು. ಗಿಟಾರಿನ ಪಂಕ್ ಬ್ಯಾಂಡುಗಳು ಹೆಸರು ಮಾಡಿದ್ದು ಆಮೇಲೆ. ಇವರ ಮೊದಲ ಆಲ್ಬಂ 1977ರಲ್ಲಿ ಬಂತು. ಮರುವರ್ಷ ಇಂಗ್ಲೆಂಡಿನಲ್ಲಿ ದಿ ಕ್ಲಾಶ್ ಬ್ಯಾಂಡಿಗಿಂತ ಮೊದಲು ವೇದಿಕೆ ಹತ್ತಿದಾಗ ಪಂಕ್ ಕೇಳಲು ಬಂದ ಜನವೇ ಇವರ ಮೇಲೆ ಬಾಟಲಿ ತೂರಿತು. ಬ್ರಸೆಲ್ಸ್‌ನಲ್ಲಂತೂ ಜನ ಮೈಕನ್ನೇ ಎತ್ತಿಕೊಂಡು ಹೋದರು. ಪಂಕ್ ಜನರಿಗೇ ಸಿಟ್ಟು ಬರಿಸಿದವರನ್ನು ಏನಂತ ಕರೆಯಬೇಕು, ನೀವೇ ಹೇಳಿ.

ಅದೇ 1977ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಕ್ರೀಮರ್ಸ್ ಅಂತ ಇನ್ನೊಂದು ಬ್ಯಾಂಡ್. ಒಬ್ಬ ಹಾಡುವವನು, ಒಬ್ಬ ಡ್ರಮ್ಮರ್, ಎರಡು ಕೀಬೋರ್ಡ್. ಒಂದು ಎಆರ್‌ಪಿ ಒಡಿಸ್ಸಿ ಸಿಂಥ್, ಇನ್ನೊಂದು ಫೆಂಡರ್ ರೋಡ್ಸ್ ಪಿಯಾನೊ. ರೋಡ್ಸ್ ಅಂದರೆ ಹೋಟೆಲ್ ಲಾಂಜಿನಲ್ಲಿ ಮೆತ್ತಗೆ ನುಡಿಸುವ ವಾದ್ಯ. ಅದನ್ನು ಸದ್ದು ಒರಟು ಮಾಡುವ ಡಿಸ್ಟಾರ್ಷನ್‌ಗೆ ಕೊಟ್ಟು ಗರಗಸ ಮಾಡಿಬಿಟ್ಟರು. ಬ್ಯಾಂಡ್ ಇದ್ದಷ್ಟು ಕಾಲ ಒಂದೇ ಒಂದು ರೆಕಾರ್ಡ್ ತರಲಿಲ್ಲ. ಅವರ 1977ರ ಡೆಮೊ ಆಲ್ಬಂ ರೂಪದಲ್ಲಿ ಸರಿಯಾಗಿ ಹೊರಗೆ ಬಂದದ್ದು 2021ರಲ್ಲಿ. ಓಸೀಸ್‌ನ ಈ ಆಲ್ಬಂ ಕೇಳುವಾಗ ನನಗೆ ಮೊದಲು ನೆನಪಾದದ್ದು ಆ ಡೆಮೊ. ಓಸೀಸ್ ಈಗ ಇರುವ ಊರೂ ಅದೇ.

ಇನ್ನು ಸಿಂಥ್ ಯಾಕೆ ಪಂಕ್ ಜನರ ಕೈಗೆ ಸಿಕ್ಕಿತು ಅನ್ನುವುದು. 1970ರಲ್ಲಿ ಮಿನಿಮೂಗ್ ಬಂದಾಗ ಅದು ದುಡ್ಡಿದ್ದವರ ವಾದ್ಯ. ಆ ದಶಕ ಮುಗಿಯುವ ಹೊತ್ತಿಗೆ ಜಪಾನಿನ ಚಿಕ್ಕ ಸಿಂಥ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಿಗತೊಡಗಿದವು. ಲಂಡನ್ನಿನ ಡೇನಿಯಲ್ ಮಿಲ್ಲರ್ ಒಂದು ಹಳೇ ಕೊರ್ಗ್ 700ಎಸ್ ಮತ್ತು ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು ಮನೆಯಲ್ಲೇ ರೆಕಾರ್ಡ್ ಮಾಡಿ 1978ರಲ್ಲಿ ತಾನೇ ಹೊರಗೆ ತಂದ. ಅವನ ಮ್ಯೂಟ್ ಅನ್ನುವ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಶುರುವಾದದ್ದೇ ಹಾಗೆ. ಮೂರು ಕಾರ್ಡ್ ಕಲಿತರೆ ಸಾಕು ಅನ್ನುತ್ತಿತ್ತಲ್ಲ ಪಂಕ್, ಇವನಿಗೆ ಅದೂ ಬೇಕಾಗಲಿಲ್ಲ. ಒಂದು ಬೆರಳು ಸಾಕಿತ್ತು. ಆ ಕಾಲದ ಸಿಂಥ್‌ಗಳಲ್ಲಿ ತುಂಬಾ ಮಟ್ಟಿಗೆ ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿತ್ತು, ಮಿನಿಮೂಗಿನಲ್ಲೂ ಅಷ್ಟೇ.

ನಮ್ಮ ದೇಶದಲ್ಲೂ ಒಬ್ಬರು ಇದ್ದರು. ಮುಂಬೈ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್. 1982ರಲ್ಲಿ ರೋಲಂಡ್ ಕಂಪನಿಯ ಜುಪಿಟರ್-8 ಸಿಂಥ್, ಟಿಬಿ-303 ಬೇಸ್ ಪೆಟ್ಟಿಗೆ, ಟಿಆರ್-808 ಡ್ರಮ್ ಮೆಷಿನ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ತಿರುಗಿ ನೋಡಲಿಲ್ಲ. ಅದು ಪಂಕ್ ಅಲ್ಲ, ಒಪ್ಪಿದೆ. ಆದರೆ ಯಾರ ಅಪ್ಪಣೆಗೂ ಕಾಯದೆ ಪೆಟ್ಟಿಗೆ ಮುಂದೆ ಕೂತು ಮಾಡಿದ ಕೆಲಸ ಅಂತ ಈ ಸಾಲಿಗೇ ಸೇರಿಸುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಾಡು ಹಾಡಿಗೂ ಯಾಕೆ ಬೇರೆ ಬೇರೆ?

ನನ್ನ ಹತ್ತಿರ ಒಂದು ಮೈಕ್ರೊಕೊರ್ಗ್ ಇದೆ. ಚಿಕ್ಕ ಕೀಲಿಗಳದ್ದು, 37 ಕೀಲಿ. ಮಂಟಪದಲ್ಲಿ ಅಸುರ ಬರುವಾಗಿನ ಸದ್ದೆಲ್ಲ ಅದರದ್ದೇ. ಅದರ ಮೇಲೆ 'ಕಟ್‌ಆಫ್' ಅಂತ ಒಂದು ನಾಬ್ ಇದೆ. ಕೆಳಗಿನ ಒಂದು ಸ್ವರ ಒತ್ತಿ ಹಿಡಿದು, ಆ ನಾಬನ್ನು ಪೂರ್ತಿ ಎಡಕ್ಕೆ ಇಡುತ್ತೇನೆ. ಗೋಡೆಯಾಚೆ ಯಾರೋ ಗೊಣಗುವಷ್ಟು ಮಂದ. ಮೆಲ್ಲಗೆ ಬಲಕ್ಕೆ ತಿರುಗಿಸಿದರೆ ಸದ್ದು ಬಾಯಿ ಬಿಡುತ್ತದೆ. ಇನ್ನೂ ತಿರುಗಿಸಿದರೆ ಹಲ್ಲು ಜುಮ್ಮೆನ್ನುತ್ತದೆ. ಪಕ್ಕದ 'ರೆಸೊನೆನ್ಸ್' ಏರಿಸಿದರೆ ಸಿಳ್ಳೆ ಶುರು. ಬೆರಳು ಅದೇ ಕೀಲಿಯ ಮೇಲೆ, ಸ್ವರವೂ ಅದೇ. ನಾಬ್ ಮಾತ್ರ ಅರ್ಧ ಸುತ್ತು ಹೋಗಿದೆ. ಅಷ್ಟರಲ್ಲಿ ಪಂಕ್, ಡಿಸ್ಕೊ, ವಿಡಿಯೊ ಗೇಮ್, ಫೋನ್ ಟ್ಯೂನ್ ಎಲ್ಲ ಬಂದು ಹೋಗುತ್ತವೆ. ಗಿಟಾರ್ ಬ್ಯಾಂಡ್ ಇಷ್ಟು ವೇಷ ಹಾಕಬೇಕಾದರೆ ಬಾರಿಸುವ ಕೈಯೇ ಬದಲಾಗಬೇಕು. ಆದ್ದರಿಂದ ಸಿಂಥ್ ಕೈಗೆ ಬಂದ ಪಂಕ್ ಬ್ಯಾಂಡ್ ಹನ್ನೆರಡು ಹಾಡಿಗೆ ಹನ್ನೆರಡು ಮುಖ ಮಾಡಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಮಾಡದಿದ್ದರೆ ಆಗುತ್ತದೆ.

ಹಾಗಾದರೆ ಇದನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಏನು? ಡ್ರಮ್. ಓಸೀಸ್‌ನಲ್ಲಿ ಡ್ರಮ್ಮರ್‌ಗಳು ಇಬ್ಬರು, ಡ್ಯಾನ್ ರಿಂಕನ್ ಮತ್ತು ಪಾಲ್ ಕ್ವಾಟ್ರೋನ್. ಬೇರೆ ಬ್ಯಾಂಡುಗಳು ಡ್ರಮ್ಮನ್ನು ಹಿಂದೆ ಕೂರಿಸುತ್ತವೆ. ಇವರು ವೇದಿಕೆಯ ಮುಂದೆ, ಅಕ್ಕಪಕ್ಕ ಕೂರುತ್ತಾರೆ. ವಿಡಿಯೊ ನೋಡಿ. ಕೊಡವ ಮದುವೆಯ ವಾಲಗದಲ್ಲಿ ಊದುವವರು ರಾಗ ಬದಲಾಯಿಸಿದರೂ ಕುಣಿಯುವವರ ಹೆಜ್ಜೆ ತಪ್ಪುವುದಿಲ್ಲ, ಕಾಲಿಗೆ ಬೇಕಾದದ್ದು ಡೋಲು ಮಾತ್ರ. ಈ ಆಲ್ಬಮ್ಮನ್ನೂ ಹಾಗೇ ಕೇಳಿ. ಒಂದು ಸಲ ಸಿಂಥ್ ಕಡೆ ಗಮನವೇ ಕೊಡಬೇಡಿ. ಎಡ ಸ್ಪೀಕರಿನಲ್ಲಿ ಯಾವ ಪೆಟ್ಟು, ಬಲದಲ್ಲಿ ಯಾವುದು ಅಂತ ಮಾತ್ರ ಹಿಂಬಾಲಿಸಿ. 'ಎ ಫೌಲ್ ಫಾರ್ಮ್'ನಲ್ಲಿ ನಿಮಗೆ ಹಿಡಿಸಿದ ಆ ಬಡಿತ ಇಲ್ಲೂ ಇದೆ. ಮೇಲೆ ಬಣ್ಣ ಬಳಿದಿದ್ದಾರೆ ಅಷ್ಟೇ.

ಗಿಟಾರ್ ಹೋಗಿದೆ ಅನ್ನುವುದೂ ಪೂರ್ತಿ ಸರಿಯಲ್ಲ. ಇದೆ. ಹಿಂದೆ ಸರಿದು ನಿಂತಿದೆ. ಇಷ್ಟು ವರ್ಷ ಮುಂದೆ ನಿಂತಿತ್ತಲ್ಲ, ಸ್ವಲ್ಪ ಸುಧಾರಿಸಿಕೊಳ್ಳಲಿ ಬಿಡಿ.

ನಾನು ಆರ್ಕೆಸ್ಟ್ರಾ ಸೇರಿದ್ದು 'ಪ್ರೇಮಲೋಕ' ಬಂದ ಹೊಸತರಲ್ಲಿ. 1987. ಹಂಸಲೇಖ ಅವರ ಆ ಹಾಡುಗಳು ಬಂದ ಮೇಲೆ ಕೀಬೋರ್ಡ್ ಇಲ್ಲದ ತಂಡಕ್ಕೆ ಬುಕಿಂಗ್ ಸಿಗುವುದು ಕಷ್ಟವಾಯಿತು. ಆಗಲೂ ಹಾರ್ಮೋನಿಯಂ ನುಡಿಸುವ ಹಿರಿಯರು 'ಇದೆಂಥ ಸಂಗೀತ, ಸ್ವಿಚ್ ಒತ್ತುವುದು' ಅಂತ ಮೂಗು ಮುರಿದಿದ್ದರು. ಗಿಟಾರ್ ಗಿರಾಕಿಯವರ ಮಾತು ಓದಿ ಅವರೇ ನೆನಪಾದರು. ಬೇಜಾರು ಮಾಡಿಕೊಳ್ಳಬೇಡಿ ತಮ್ಮಾ.

ಪೊನ್ನಂಪೇಟೆ ಪ್ಲೇಲಿಸ್ಟ್

ಮಡಿಕೇರಿ ಅಣ್ಣ ಹೇಳಿದ್ದರಲ್ಲಿ ಡ್ರಮ್ಮಿನ ವಿಷಯಕ್ಕೆ ನನ್ನ ಪೂರ್ತಿ ಒಪ್ಪಿಗೆ. 'ಉಳಿದದ್ದು ಬಳಿದದ್ದು' ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಈ ಬ್ಯಾಂಡನ್ನು ಸುಮಾರು ಕಾಲದಿಂದ ಹಿಂಬಾಲಿಸುತ್ತಿದ್ದೇನೆ.

ಇದು 1990ರ ದಶಕದ ಕೊನೆಯಲ್ಲಿ ಡ್ವಾಯರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಓಸಿಎಸ್ ಅಂತ ಶುರು ಮಾಡಿದ್ದು. ಆಮೇಲೆ ದೀ ಓ ಸೀಸ್ ಆಯಿತು, ಓ ಸೀಸ್ ಆಯಿತು, ಈಗ ಓಸೀಸ್. ಹೆಸರು ಬದಲಾದ ಹಾಗೆ ಸದ್ದೂ ಬದಲಾಗಿದೆ. ಎಲ್ಲ ಹೆಸರು ಸೇರಿಸಿದರೆ ಆಲ್ಬಂಗಳು ಇಪ್ಪತ್ತೈದರ ಆಸುಪಾಸು. 2019ರ 'ಫೇಸ್ ಸ್ಟ್ಯಾಬರ್'ನಲ್ಲಿ 'ಹೆಂಚ್‌ಲಾಕ್' ಅಂತ ಒಂದು ಹಾಡಿದೆ, ಅದೊಂದೇ ಸುಮಾರು 21 ನಿಮಿಷ. ಮೂರು ವರ್ಷ ಬಿಟ್ಟು ಅದೇ ಬ್ಯಾಂಡ್ ಅಷ್ಟೇ ಹೊತ್ತಿನಲ್ಲಿ ಇಡೀ ಆಲ್ಬಂ ಮುಗಿಸಿತು. ನಿಮ್ಮ 'ಎ ಫೌಲ್ ಫಾರ್ಮ್' ಅದೇ. ಅಂದರೆ ಪಿಕಪ್ ಅಣ್ಣ, ನೀವು ಹತ್ತಿದ್ದು ಈ ಬಸ್ಸಿನ ತೀರಾ ಬೇರೆಯದೇ ಒಂದು ಸ್ಟಾಪಿನಲ್ಲಿ. ಅದನ್ನೇ ಇವರ ಮಾಮೂಲು ಅಂದುಕೊಂಡಿದ್ದೀರಿ.

ಇಷ್ಟು ಆಲ್ಬಂ ಹೇಗೆ ಬರುತ್ತವೆ ಅಂದರೆ, ತಡೆಯುವವರು ಇಲ್ಲ. ಕ್ಯಾಸಲ್ ಫೇಸ್ ಅಂತ ಡ್ವಾಯರ್‌ನದ್ದೇ ಲೇಬಲ್ ಇದೆ. ಮನೆಯ ನೆಲಮಾಳಿಗೆಯಲ್ಲಿ ಸ್ಟುಡಿಯೊ ಇದೆ, 'ಎ ಫೌಲ್ ಫಾರ್ಮ್' ರೆಕಾರ್ಡ್ ಆದದ್ದು ಅಲ್ಲೇ. ಹೊಸದನ್ನು ಇನ್ ದ ರೆಡ್ ಅನ್ನುವ ಲೇಬಲ್ ತಂದಿದೆ, ಅದೂ ಗ್ಯಾರೇಜ್ ಪಂಕ್‌ಗೇ ಹೆಸರಾದದ್ದು. ದೊಡ್ಡ ಕಂಪನಿಯ ಕೈಯಲ್ಲಿದ್ದರೆ 'ಎರಡು ವರ್ಷಕ್ಕೊಂದು ಮಾಡಿ, ಎಲ್ಲ ಹಾಡೂ ಒಂದೇ ಥರ ಇರಲಿ' ಅನ್ನುತ್ತಿದ್ದರು. ಇಲ್ಲಿ ಹೇಳುವವರಿಲ್ಲ. ಅದರಿಂದ ಲಾಭವೂ ಇದೆ, ನಷ್ಟವೂ ಇದೆ. ನಷ್ಟ ಏನು ಅಂದರೆ ಕೆಲವು ಹಾಡು ಇನ್ನೊಂದು ತಿಂಗಳು ಒಲೆ ಮೇಲೆ ಇರಬೇಕಿತ್ತು ಅನಿಸುತ್ತದೆ. ಈ ಆಲ್ಬಂನಲ್ಲೂ ನಡುವೆ ಎರಡು ಹಾಡು ನನಗೆ ಹಾಗೇ ಅನಿಸಿದವು. ಹೆಸರು ಹೇಳುವುದಿಲ್ಲ, ನಿಮ್ಮ ಕಿವಿ ಕೆಡಿಸುವುದು ಬೇಡ.

ಸಿಂಥ್ ಈ ವರ್ಷ ದಿಢೀರ್ ಅಂತ ಬಂದದ್ದೂ ಅಲ್ಲ. ಡ್ವಾಯರ್‌ಗೆ ಡ್ಯಾಮೇಜ್ಡ್ ಬಗ್ ಅಂತ ಪಕ್ಕದ ಒಂದು ಪ್ರಾಜೆಕ್ಟ್ ಇದೆ, ಪೂರ್ತಿ ಸಿಂಥ್‌ನದ್ದು. ಅದರ ಮೊದಲ ಆಲ್ಬಂ 2014ರಲ್ಲೇ ಬಂದಿತ್ತು. ಅಲ್ಲಿ ಒಬ್ಬನೇ ಕೂತು ಆಡುತ್ತಿದ್ದದ್ದನ್ನು ಈಗ ಬ್ಯಾಂಡಿಗೆ ತಂದಿದ್ದಾನೆ. ಕೀಬೋರ್ಡಿಗೆ ಟೊಮಾಸ್ ಡೋಲಸ್ ಇದ್ದಾರೆ, ಹಾಗಾಗಿ ಇಬ್ಬರ ಕೈ ಸೇರಿದೆ.

ಇನ್ನು ಕೊನೆಯ ಆ ಫೋನ್ ಟ್ಯೂನ್. ಎಲ್‌ಎಡಿಡಬ್ಲ್ಯೂಪಿ ಅಂದರೆ ಲಾಸ್ ಏಂಜಲೀಸ್ ನಗರದ ನೀರು ಮತ್ತು ಕರೆಂಟಿನ ಇಲಾಖೆ. ಅಲ್ಲಿಗೆ ಫೋನ್ ಮಾಡಿ ಲೈನಿನಲ್ಲಿ ಕಾದವರಿಗೆ ಮಾತ್ರ ಈ ತಮಾಷೆ ಎಂಥದು ಅಂತ ಗೊತ್ತು. ನಾನು ಮೊದಲ ಸಲ ಕೇಳಿದಾಗ ಒಬ್ಬಳೇ ಜೋರಾಗಿ ನಕ್ಕೆ. ನಮ್ಮ ಲೈನಿನ ಮೇಲೆ ಸಿಲ್ವರ್ ಓಕ್ ಬಿದ್ದು ಕರೆಂಟ್ ಹೋದರೆ ನನ್ನದೂ ಅದೇ ಕಥೆ. ಫೋನಿನಲ್ಲಿ ಪೀಪೀ ಅಂತ ಟ್ಯೂನು, ನಡುವೆ 'ನಿಮ್ಮ ಕರೆ ನಮಗೆ ಮುಖ್ಯ', ಆಮೇಲೆ ಮತ್ತೆ ಪೀಪೀ. ಇತ್ತ ಫ್ರಿಜ್ಜಿನಲ್ಲಿಟ್ಟ ಪಂದಿಕರಿಯ ಚಿಂತೆ. ಅಷ್ಟು ಕಿರುಚಿದ ಆಲ್ಬಂ ಕೊನೆಗೆ ನಮ್ಮನ್ನು ಹೋಲ್ಡ್‌ನಲ್ಲಿ ಇಟ್ಟು ಹೋಗುತ್ತದೆ ನೋಡಿ, ಆ ಕುಚೋದ್ಯ ನನಗೆ ತುಂಬಾ ಇಷ್ಟ. ಗಿಟಾರಿನಲ್ಲಿ ಆ ಜೋಕ್ ಮಾಡಲು ಆಗುತ್ತಿತ್ತಾ?

'ಆಲ್ವೇಸ್ ಅಟ್ ನೈಟ್' ಮಾತ್ರ ಗಾಡಿಯಲ್ಲಿ ಕೇಳಬೇಡಿ. ನಿದ್ದೆ ಬರುತ್ತದೆ ಅಂತ ಅಲ್ಲ. ಡೀಸೆಲ್ ಇಂಜಿನ್ನಿನ ಸದ್ದಿನಲ್ಲಿ ಅದರ ಕೆಳಗಿನ ಸ್ವರಗಳೆಲ್ಲ ಮುಳುಗಿ ಹೋಗುತ್ತವೆ. ಮನೆಯಲ್ಲಿ ಹೆಡ್‌ಫೋನ್ ಹಾಕಿ.

ಗಿಟಾರ್ ಗಿರಾಕಿ, ಕುಶಾಲನಗರ

ಮಡಿಕೇರಿ ಅಣ್ಣ, ಬೇಜಾರೇನಿಲ್ಲ. ಸ್ಕ್ರೀಮರ್ಸ್ ಡೆಮೊ ಯೂಟ್ಯೂಬ್‌ನಲ್ಲಿ ಕೇಳಿದೆ. ಅದು ಕೀಬೋರ್ಡ್ ಅಂತ ನೀವು ಹೇಳದಿದ್ದರೆ ನಾನು ಗಿಟಾರ್ ಅಂತಲೇ ಬೆಟ್ ಕಟ್ಟುತ್ತಿದ್ದೆ. ಇದು ಹೇಗೆ?

ಪೊನ್ನಂಪೇಟೆ ಅಕ್ಕ, ಒಂದು ಮಾತು. ತಡೆಯುವವರಿಲ್ಲ ಅಂತ ವರ್ಷಕ್ಕೊಂದು ಬಿಡುತ್ತ ಹೋದರೆ ಕೇಳುವವನ ಗತಿ ಏನು? ಆಸ್ಟ್ರೇಲಿಯಾದ ಕಿಂಗ್ ಗಿಝರ್ಡ್ ಬ್ಯಾಂಡಿನವರು 2017ರಲ್ಲಿ ಒಂದೇ ವರ್ಷ ಐದು ಆಲ್ಬಂ ತಂದರು. ಎರಡಕ್ಕೇ ನನಗೆ ಸುಸ್ತಾಯಿತು.

ಪೊನ್ನಂಪೇಟೆ ಪ್ಲೇಲಿಸ್ಟ್

ಎಲ್ಲವನ್ನೂ ಕೇಳಲೇಬೇಕು ಅಂತ ಯಾರು ಹೇಳಿದರು? ಸಂತೆಗೆ ಹೋದರೆ ಎಲ್ಲ ಅಂಗಡಿಯಲ್ಲೂ ತಗೊಳ್ಳುತ್ತೀರಾ? ಅಂದ ಹಾಗೆ ಆ ಐದರಲ್ಲಿ 'ಪಾಲಿಗೊಂಡ್ವಾನಾಲ್ಯಾಂಡ್' ಅನ್ನುವುದನ್ನು ಪುಕ್ಕಟೆ ಕೊಟ್ಟು, ಯಾರು ಬೇಕಾದರೂ ಪ್ರಿಂಟ್ ಹಾಕಿಸಿಕೊಳ್ಳಿ ಅಂದಿದ್ದರು. ಅದನ್ನಾದರೂ ಕೇಳಿ.

ಮಂಟಪದ ಕೀಬೋರ್ಡು, ಮಡಿಕೇರಿ

ಗಿಟಾರ್ ಥರ ಕೇಳುವುದರಲ್ಲಿ ಮ್ಯಾಜಿಕ್ ಏನಿಲ್ಲ. ಆಂಪ್ಲಿಫೈಯರಿಗೆ ಅದರ ತಾಕತ್ತಿಗಿಂತ ಜಾಸ್ತಿ ಸಿಗ್ನಲ್ ಕೊಟ್ಟರೆ ಅಲೆಯ ತಲೆ ಮತ್ತು ಬುಡ ಕತ್ತರಿಸಿ ಹೋಗುತ್ತವೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟುತ್ತವೆ. ನಮ್ಮ ಕಿವಿ 'ಗಿಟಾರ್' ಅಂತ ಗುರುತು ಹಿಡಿಯುವುದು ಹೆಚ್ಚಾಗಿ ಆ ಒರಟುತನವನ್ನೇ. ತಂತಿಯನ್ನಲ್ಲ. ತಂತಿ ಬದಲು ರೋಡ್ಸ್ ಕೊಟ್ಟರೂ ಆಂಪ್ಲಿಫೈಯರಿಗೆ ಗೊತ್ತಾಗುವುದಿಲ್ಲ.

ಪಿಕಪ್ ತಮ್ಮಾ, ನಿಮ್ಮ ಯಮಹಾ ಪಿಎಸ್‌ಆರ್ ಇರಬೇಕು ಅಂದುಕೊಂಡು ಹೇಳುತ್ತೇನೆ. ಅದರಲ್ಲಿ ಕಟ್‌ಆಫ್ ನಾಬ್ ಸಾಮಾನ್ಯವಾಗಿ ಇರುವುದಿಲ್ಲ. ಒಳಗಿರುವುದು ರೆಡಿಮೇಡ್ ಸದ್ದುಗಳು, ಯಾವುದೋ ವಾದ್ಯದಿಂದ ರೆಕಾರ್ಡ್ ಮಾಡಿ ಇಟ್ಟದ್ದು. ಹಾಗಂತ ಕೈ ಬಿಡಬೇಡಿ. ಮೊದಲು ಸ್ಟೈಲ್ ಆಫ್ ಮಾಡಿ, ಆ ಢಂಢಂ ತಾಳ ಬೇಡ. ಆಮೇಲೆ ರಿವರ್ಬ್ ಆಫ್, ಕೋರಸ್ ಆಫ್. ಇವೆರಡು ಇದ್ದರೆ ಎಲ್ಲವೂ ಕಲ್ಯಾಣ ಮಂಟಪದಲ್ಲಿ ಬಾರಿಸಿದ ಹಾಗೆ ಗುಂಯ್‌ಗುಡುತ್ತದೆ. ಟಚ್ ರೆಸ್ಪಾನ್ಸ್ ಕೂಡ ಆಫ್ ಮಾಡಿ, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು ಬರಬೇಕು. ವಾಯ್ಸ್ ಲಿಸ್ಟಿನಲ್ಲಿ 'ಸಾ ಲೀಡ್' ಹುಡುಕಿ. 'ಸ್ಕ್ವೇರ್ ಲೀಡ್' ಇನ್ನೂ ಚೆನ್ನ, ವಿಡಿಯೊ ಗೇಮ್ ಅಂದಿರಲ್ಲ, ಅದು ಇದೇ. ಕೆಳಗಿನ ಆಕ್ಟೇವಿನಲ್ಲಿ ಒಂದೇ ಬೆರಳಲ್ಲಿ ನುಡಿಸಿ. ಎರಡು ಬೆರಳು ಹಾಕಿದರೆ ಭಕ್ತಿಗೀತೆ ಆಗುವ ಅಪಾಯ ಇದೆ.

ಆಮೇಲೆ ಹೆಡ್‌ಫೋನ್ ತೂತಿನಿಂದ ವೈರ್ ತೆಗೆದು ಗಿಟಾರಿನ ಡಿಸ್ಟಾರ್ಷನ್ ಪೆಡಲಿಗೆ ಕೊಡಿ, ಅಲ್ಲಿಂದ ಸ್ಪೀಕರಿಗೆ. ಕೀಬೋರ್ಡಿನ ವಾಲ್ಯೂಮ್ ಕಾಲು ಭಾಗಕ್ಕಿಂತ ಮೇಲೆ ಬೇಡ. ಇಲ್ಲದಿದ್ದರೆ ಪೆಡಲಿನೊಳಗೆ ಬರೀ ಗೊರಗೊರ. ಪೆಡಲ್ ಹೊಸದು ತಗೊಳ್ಳಲು ಹೋಗಬೇಡಿ. ಗಿಟಾರ್ ಗಿರಾಕಿಯವರ ಹತ್ತಿರ ಒಂದಾದರೂ ಇರುತ್ತದೆ. ಕುಶಾಲನಗರಕ್ಕೆ ಹೇಗೂ ಹೋಗುತ್ತಿರುತ್ತೀರಲ್ಲ.

ಪಿಕಪ್ ಶನಿವಾರಸಂತೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಡ್ರಮ್ ಮಾತ್ರ ಹಿಡಿದು ಕೇಳಿದೆ. ಅಣ್ಣ ಹೇಳಿದ ಹಾಗೆ ಎಡ ಬಲ ಹುಡುಕಿದೆ, ನನ್ನ ಗಾಡಿಯ ಎಡ ಸ್ಪೀಕರ್ ಸತ್ತು ಹೋಗಿದೆ ಅಂತ ಆಗ ಗೊತ್ತಾಯಿತು. ಇಷ್ಟು ದಿನ ಅರ್ಧ ಬ್ಯಾಂಡ್ ಕೇಳುತ್ತಿದ್ದೆ! ಬಲಗಡೆಯವನೊಬ್ಬನೇ ಸಾಕಷ್ಟು ಬಾರಿಸುತ್ತಾನೆ, ಅದೂ ಹೇಳಬೇಕು.

ಟೈಟಲ್ ಹಾಡು ಹಿಡಿಸಿತು. ಸಿಂಥ್‌ನ ಆ ಚಿಕ್ಕ ತುಣುಕು ಶುಂಠಿ ಇಳಿಸುವಾಗಲೂ ಬಾಯಲ್ಲಿ ಓಡುತ್ತಿತ್ತು. ಲೋಡಿಂಗ್ ಹುಡುಗರು ಏನಣ್ಣ ಅದು ಅಂತ ಕೇಳಿದರು. ಹಾಕಿ ಕೇಳಿಸಿದೆ. ಒಬ್ಬ 'ಚೆನ್ನಾಗಿದೆ' ಅಂದ, ಇನ್ನೊಬ್ಬ 'ದರ್ಶನ್ ಹಾಡು ಹಾಕಿ' ಅಂದ. ನಿಧಾನದ ಹಾಡು ನನಗೆ ಈಗಲೂ ಒಗ್ಗಿಲ್ಲ ಅಕ್ಕ, ಹೆಡ್‌ಫೋನ್ ಹಾಕಿಯೂ ನೋಡಿದೆ. ಅದನ್ನು ಬಿಟ್ಟು ಉಳಿದದ್ದು ಓಕೆ. ಉಳಿದದ್ದು ಬಳಿದದ್ದು ಅಂದ ಮಾತು ವಾಪಸ್ ತಗೊಳ್ಳುತ್ತೇನೆ, ಆದರೆ ಆ ಎರಡು ಹಾಡು ಯಾವುದು ಅಂತ ಅಕ್ಕ ಹೇಳಲೇಬೇಕು.

ಯಮಹಾ ತೆಗೆದು ನೋಡಿದೆ. ಪಿಎಸ್‌ಆರ್ ಹೌದು. ಆನ್ ಆಗುತ್ತಿಲ್ಲ. ಅಡಾಪ್ಟರ್ ಎಲ್ಲಿ ಹೋಯಿತೋ, ಅಕ್ಕನ ಮನೆಯ ರೂಟರಿನ ಅಡಾಪ್ಟರ್ ಹಾಕಿದರೆ ನಡೆಯುತ್ತಾ? ಕೀಲಿ ನಾಲ್ಕೈದು ಒತ್ತಿದರೆ ಮೇಲೆ ಬರುವುದಕ್ಕೂ ಸೋಮಾರಿತನ ಮಾಡುತ್ತಿವೆ.

ಗಿಟಾರ್ ಗಿರಾಕಿ, ಕುಶಾಲನಗರ

ಪೆಡಲ್ ಇದೆ. ಕೊಡುತ್ತೇನೆ. ಆದರೆ ಬರುವಾಗ ಒಂದು ಕೆಜಿ ಶುಂಠಿ ತರಬೇಕು, ಇಲ್ಲಿ ಅಂಗಡಿಯಲ್ಲಿ ರೇಟ್ ಕೇಳಿದರೆ ಟೀಗೆ ಹಾಕುವುದೇ ಬಿಡಬೇಕು ಅನಿಸುತ್ತದೆ.

ಮಂಟಪದ ಕೀಬೋರ್ಡು, ಮಡಿಕೇರಿ

ರೂಟರಿನದ್ದು ಹಾಕಬೇಡಿ ಮಾರಾಯರೇ! ಪಿಎಸ್‌ಆರ್‌ಗೆ ಸಾಮಾನ್ಯವಾಗಿ 12 ವೋಲ್ಟ್ ಬೇಕು. ರೂಟರಿನದ್ದೂ ಎಷ್ಟೋ ಸಲ 12 ಇರುತ್ತದೆ, ಆದರೆ ಕರೆಂಟ್ ಸಾಲದೇ ಇರಬಹುದು, ಪಿನ್ನಿನ ಪ್ಲಸ್ ಮೈನಸ್ ಉಲ್ಟಾ ಇದ್ದರೆ ಬೋರ್ಡೇ ಹೋಗುತ್ತದೆ. ಕೀಬೋರ್ಡಿನ ಹಿಂದೆ ತೂತಿನ ಪಕ್ಕ ಚಿಕ್ಕ ಚಿತ್ರ ಇದೆ, ನಡುವಿನ ಚುಕ್ಕೆ ಪ್ಲಸ್ಸಿಗೆ ಸೇರಿದೆಯಾ ನೋಡಿ, ಅಂಥದ್ದೇ ತಗೊಳ್ಳಿ. ಸದ್ಯಕ್ಕೆ ಚೆಕ್ ಮಾಡುವುದಾದರೆ ಅಡಿಯಲ್ಲಿ ಸೆಲ್ ಹಾಕುವ ಜಾಗ ಇರುತ್ತದೆ. ಹಳೇ ಸೆಲ್ ಅಲ್ಲೇ ಸೋರಿ ಹಸಿರು ಕಟ್ಟಿದ್ದರೆ ಮೊದಲು ಅದನ್ನು ಉಜ್ಜಿ ತೆಗೆಯಿರಿ.

ಕೀಲಿ ಅಂಟುವುದು ನಮ್ಮ ಕಡೆ ಮಾಮೂಲು, ಮಳೆಗಾಲದ ತೇವ. ಕೀಲಿಯ ಕೆಳಗೆ ರಬ್ಬರಿನ ಪಟ್ಟಿ ಇರುತ್ತದೆ, ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದರೆ ಹೆಚ್ಚಿನವು ಸರಿಹೋಗುತ್ತವೆ. ನೀವೇ ಬಿಚ್ಚುವುದು ಬೇಡ, ಸ್ಕ್ರೂ ತುಂಬಾ ಇವೆ, ಉದ್ದ ಗಿಡ್ಡ ಅದಲು ಬದಲಾದರೆ ಕೀಲಿ ಕೂರುವುದಿಲ್ಲ. ದಸರಾ ಮುಗಿಯಲಿ. ವಿಜಯದಶಮಿ ರಾತ್ರಿ ಮಂಟಪ ಹೊರಟು ಬೆಳಗಾಗುತ್ತದೆ, ಅದಾಗಿ ಎರಡು ದಿನ ನಾನು ಫೋನ್ ಎತ್ತುವುದಿಲ್ಲ. ಆಮೇಲೆ ಮಡಿಕೇರಿ ಕಡೆ ಬಾಡಿಗೆ ಬಿದ್ದಾಗ ತನ್ನಿ, ಬಿಚ್ಚಿ ನೋಡೋಣ. ಬರುವಾಗ ಆ ಎಡ ಸ್ಪೀಕರ್ ವೈರನ್ನೂ ಒಮ್ಮೆ ಎಳೆದು ನೋಡಿ, ಬಾಗಿಲ ಸಂದಿಯಲ್ಲಿ ಕಟ್ ಆಗಿರುತ್ತದೆ.

ಪೊನ್ನಂಪೇಟೆ ಪ್ಲೇಲಿಸ್ಟ್

ಪಿಕಪ್ ಅಣ್ಣ, ಎರಡನೇ ಸ್ಪೀಕರ್ ಸರಿ ಮಾಡಿಸಿಕೊಂಡು ಇನ್ನೊಮ್ಮೆ ಕೇಳಿ, ಆಮೇಲೆ ನೀವೇ ಎರಡು ಹಾಡಿನ ಹೆಸರು ಹಾಕಿ. ನನ್ನದಕ್ಕೆ ತಾಳೆ ಆದರೆ ಹೌದು ಅನ್ನುತ್ತೇನೆ.